ಪಂದ್ಯದ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಕಲಸುತ್ತದೆ: ಗೋಲ್‌ಕೀಪರ್‌ಗಳೇ, ನೀವೇನು ಮಾಡುತ್ತೀರಿ?

ಎಡಗಾಲಿನ ಪ್ಯಾಡ್ · ಮಂಗಳವಾರ, ರಾತ್ರಿ 10:40

ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿರುವವನು. ವರ್ಷದ ಬಹುಪಾಲು ಹಾಕಿ ಸ್ಟಿಕ್ ಮುಟ್ಟುವುದಿಲ್ಲ. ಏಪ್ರಿಲ್ ಬಂತೆಂದರೆ ಕೊಡಗಿನ ಕುಟುಂಬಗಳು ತಂಡ ಕಟ್ಟಿ ಆಡುವ ಕೊಡವ ಕೌಟುಂಬಿಕ ಹಾಕಿಗೆ ಊರಿಗೆ ಹೋಗಿ ನಮ್ಮ ಒಕ್ಕದ, ಅಂದರೆ ನಮ್ಮ ಮನೆತನದ, ಗೋಲ್ ಕಾಯುತ್ತೇನೆ. ನಾನಾಗಿ ಬಯಸಿ ಪಡೆದ ಜಾಗವಲ್ಲ. ಮೊದಲು ಕಾಯುತ್ತಿದ್ದ ದೊಡ್ಡಪ್ಪನ ಮಗ ದುಬೈಗೆ ಹೋದ, ಅವನ ಪ್ಯಾಡ್ ನನ್ನ ಕಾಲಿಗೆ ಸರಿಹೊಂದಿತು. ನನ್ನ ಅರ್ಹತೆ ಅಷ್ಟೇ.

ಆಟ ಶುರುವಾದ ಮೇಲೆ ತೊಂದರೆ ಇಲ್ಲ. ತೊಂದರೆಯೆಲ್ಲ ಅದಕ್ಕೆ ಮೊದಲು. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ತಿಂದದ್ದು ನಿಲ್ಲುವುದಿಲ್ಲ. ಮೈದಾನಕ್ಕೆ ಹೋದ ಮೇಲೆ ಬೆರಳುಗಳು ಎಷ್ಟು ತಣ್ಣಗಾಗುತ್ತವೆ ಎಂದರೆ ಪ್ಯಾಡಿನ ಬಕಲ್ ಹಾಕಲು ಚಿಕ್ಕಪ್ಪನನ್ನು ಕರೆಯಬೇಕು, ಅದೂ ಏಪ್ರಿಲ್ ಬಿಸಿಲಿನಲ್ಲಿ. ಮೊದಲ ಕೆಲವು ನಿಮಿಷ ಕಾಲು ನನ್ನ ಮಾತು ಕೇಳುವುದಿಲ್ಲ. ಒಂದು ಚೆಂಡು ಪ್ಯಾಡಿಗೆ ಬಡಿದರೆ ಎಲ್ಲವೂ ಸರಿ. ಆದರೆ ಆ ಮೊದಲ ಚೆಂಡೇ ಗೋಲ್ ಆದರೆ?

ಸಂಬಳಕ್ಕೆ ಆಡುವವನಲ್ಲ, ರಾಜ್ಯಕ್ಕೆ ಆಡುವವನಲ್ಲ. ರಜೆಯ ಆಟಕ್ಕೆ ಇಷ್ಟು ಹೆದರಿಕೆ ಏಕೆ? ನಿಮಗೂ ಹೀಗೆ ಆಗುತ್ತದೆಯೇ? ಆದರೆ ಏನು ಮಾಡುತ್ತೀರಿ?

ಹಳೆಯ ಬ್ಯಾಕ್ · ರಾತ್ರಿ 10:52

ಬೆಳಿಗ್ಗೆ ಕಾಫಿ ಬಿಡಿ. ಅರ್ಧ ವಾಸಿಯಾಗುತ್ತದೆ.

ಕಾಫಿತೋಟ · ರಾತ್ರಿ 10:55

ಕೊಡಗಿನ ಹಾಕಿ ಆಟಗಾರನಿಗೆ ಕಾಫಿ ಬಿಡು ಎನ್ನುತ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬಂತು?

ಹಳೆಯ ಬ್ಯಾಕ್ · ರಾತ್ರಿ 10:58

ಬೆಳೆಯಿರಿ, ಮಾರಿರಿ, ಪಂದ್ಯ ಮುಗಿದ ಮೇಲೆ ಕುಡಿಯಿರಿ. ಮೊದಲೇ ಡವಡವ ಎನ್ನುವ ಎದೆಗೆ ಎರಡು ಲೋಟ ಕಡು ಕಾಫಿ ಸುರಿದು, ಆಮೇಲೆ ಕೈ ನಡುಗುತ್ತದೆ ಎಂದರೆ ಯಾರು ಹೊಣೆ?

ಗ್ಯಾಲರಿಯ ಮೂಲೆ · ರಾತ್ರಿ 11:10

ಒಂದು ಸಮಾಧಾನ ಹೇಳುತ್ತೇನೆ. ಗೋಲ್‌ಕೀಪರನ್ನು ಯಾರೂ ನೋಡುವುದಿಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಕೌಟುಂಬಿಕ ಹಾಕಿಯನ್ನು ಆರಂಭಿಸಿದಾಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ಮರು ವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಇಷ್ಟು ತಂಡಗಳ ನಡುವೆ ನಿಮ್ಮ ಒಂದು ಗೋಲ್ ಯಾರ ನೆನಪಿನಲ್ಲಿ ಉಳಿದೀತು? ನಿಶ್ಚಿಂತೆಯಿಂದ ನಿಲ್ಲಿ.

ತವರಿನ ಕೀಪರ್ · ರಾತ್ರಿ 11:24

ಮೇಲಿನವರು ಗ್ಯಾಲರಿಯಲ್ಲೇ ಕುಳಿತವರು ಎಂಬುದು ಹೆಸರಿನಿಂದಲೇ ಗೊತ್ತಾಗುತ್ತದೆ.

ನಾನು ತವರಿನ ತಂಡಕ್ಕೆ ಗೋಲ್ ಕಾಯುವವಳು. 396 ತಂಡಗಳಲ್ಲಿ 395 ನನ್ನನ್ನು ಮರೆಯುತ್ತವೆ, ಒಪ್ಪುತ್ತೇನೆ. ಉಳಿದ ಒಂದು ತಂಡ ನಮ್ಮ ಮನೆಯದು. ಅದು ಮರೆಯುವುದಿಲ್ಲ. ಲೀಗ್ ಆಗಿದ್ದರೆ ಇಂದು ಸೋತರೂ ನಾಡಿದ್ದು ಮುಖ ಎತ್ತಬಹುದು. ಇದು ನಾಕೌಟ್. ಸೋತರೆ ಪ್ಯಾಡ್ ಮೂಟೆ ಕಟ್ಟಿ ಮನೆಗೆ, ಇನ್ನು ಮುಂದಿನ ಏಪ್ರಿಲ್‌ಗೆ. ನಡುವೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ, ಪುತ್ತರಿ ಹಬ್ಬ ಬರುತ್ತದೆ, ಯಾರದೋ ಮದುವೆ ಬರುತ್ತದೆ. ಮನೆತನದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಕೂರುವ ನಮ್ಮ ದೊಡ್ಡವರೊಬ್ಬರಿಗೆ ನನ್ನ ಹೆಸರು ಮರೆತುಹೋಗಿದೆ, ನನ್ನ ಕಾಲಿನ ನಡುವೆ ನುಸುಳಿದ ಚೆಂಡು ಮರೆತಿಲ್ಲ.

ಆದ್ದರಿಂದ ಎಡಗಾಲಿನ ಪ್ಯಾಡ್ ಅವರೇ, ರಜೆಯ ಆಟಕ್ಕೆ ಏಕಿಷ್ಟು ಹೆದರಿಕೆ ಎಂದು ಕೇಳಿದ್ದೀರಲ್ಲ. ನೀವು ಹೆದರುತ್ತಿರುವುದು ಚೆಂಡಿಗಲ್ಲ. ರಾಜ್ಯಕ್ಕೆ ಆಡುವವನಿಗೆ ಅಪರಿಚಿತರು ಬಯ್ಯುತ್ತಾರೆ, ಪತ್ರಿಕೆ ಮಡಿಸಿಟ್ಟರೆ ಮುಗಿಯಿತು. ನಮಗೆ ಬಯ್ಯುವವರು ಊಟಕ್ಕೆ ಎದುರಿಗೇ ಕೂರುತ್ತಾರೆ.

ಎಡಗಾಲಿನ ಪ್ಯಾಡ್ · ರಾತ್ರಿ 11:31

ನಿಮಗೂ ನಮ್ಮ ದೊಡ್ಡಪ್ಪನ ಪರಿಚಯ ಇರುವ ಹಾಗಿದೆ.

ನಾಡಿಬಡಿತ · ಬುಧವಾರ, ಬೆಳಿಗ್ಗೆ 6:15

ವೈದ್ಯನಾಗಿ ಎರಡು ಮಾತು. ನೀವು ಹೇಳಿದ ಲಕ್ಷಣಗಳೆಲ್ಲ ಅಡ್ರಿನಲಿನ್‌ನ ಕೆಲಸ. ದೇಹ ಅಪಾಯ ಬಂತೆಂದು ತಿಳಿದು ರಕ್ತವನ್ನು ದೊಡ್ಡ ಸ್ನಾಯುಗಳತ್ತ ಹರಿಸುತ್ತದೆ. ಚರ್ಮಕ್ಕೂ ಹೊಟ್ಟೆಗೂ ಹೋಗುವ ಪಾಲು ಕಡಿಮೆಯಾಗುತ್ತದೆ. ಅದಕ್ಕೇ ಬೆರಳು ತಣ್ಣಗೆ, ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲಿ ಸಂಕಟ, ಬಾಯಿ ಒಣಗುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು. ಇದು ಕಾಯಿಲೆಯಲ್ಲ.

ಕೈಗೆ ಸಿಗುವ ಹಿಡಿಕೆ ಒಂದೇ, ಉಸಿರು. ಎದೆಬಡಿತಕ್ಕೆ ನಿಲ್ಲು ಎಂದರೆ ಕೇಳುವುದಿಲ್ಲ, ಆದರೆ ಉಸಿರನ್ನು ನಿಧಾನವಾಗಿ ಬಿಟ್ಟರೆ ಬಡಿತ ಹಿಂಬಾಲಿಸುತ್ತದೆ. ಒಳಗೆಳೆಯುವುದಕ್ಕಿಂತ ಹೊರಬಿಡುವುದು ಉದ್ದವಿರಲಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಒಳಗೆ, ಆರೇಳು ಎಣಿಸುವವರೆಗೆ ತುಟಿಯ ಸಣ್ಣ ಸಂದಿಯಿಂದ ಹೊರಗೆ. ಎರಡು ಮೂರು ನಿಮಿಷ ಸಾಕು. ಆಳವಾಗಿ ಉಸಿರೆಳೆದುಕೋ ಎಂದು ಎಲ್ಲರೂ ಹೇಳುತ್ತಾರೆ. ಬರಿದೇ ಎಳೆಯುತ್ತಲೇ ಹೋದರೆ ತಲೆ ಸುತ್ತುತ್ತದೆ.

ಊಟ: ಪಂದ್ಯಕ್ಕೆ ಮೂರು ಗಂಟೆ ಮೊದಲು ಮುಗಿಸಿ. ಆಮೇಲೆ ಬಾಳೆಹಣ್ಣು, ಸ್ವಲ್ಪ ಉಪ್ಪು ಸಕ್ಕರೆ ಹಾಕಿದ ನೀರು. ಅಷ್ಟು ಫೋಮ್ ಒಳಗೆ ಏಪ್ರಿಲ್ ಮಧ್ಯಾಹ್ನ ಬೆವರುವವರಿಗೆ ನೀರಿನ ಕೊರತೆಯೇ ಅರ್ಧ ತಲೆಸುತ್ತು.

ರಮ್ಮಿನ ರಾಜ · ಬೆಳಿಗ್ಗೆ 8:02

ಡಾಕ್ಟರೇ, ಉಪ್ಪು ನೀರಿಗಿಂತ ಒಳ್ಳೆಯ ಔಷಧ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಒಂದೇ ಒಂದು ಸಣ್ಣ ಲೋಟ. ಕೈ ನಡುಕ ಮಾಯ.

ನಾಡಿಬಡಿತ · ಬೆಳಿಗ್ಗೆ 8:20

ನಡುಕದ ಜೊತೆಗೆ ಕಣ್ಣಿನ ಚುರುಕೂ ಮಾಯ. ಎದುರಿನಿಂದ ಬರುವುದು 160 ಗ್ರಾಂ ತೂಕದ ಗಟ್ಟಿ ಚೆಂಡು. ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ: ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನು ಗೆಳೆಯರು ಕೊಟ್ಟರೆಂದು ನುಂಗಬೇಡಿ. ಆಸ್ತಮಾ ಇರುವವರಿಗೆ ಅದು ಅಪಾಯ. ಓಡಾಟದ ಆಟದಲ್ಲಿ ಬಡಿತ ಏರಲೇಬೇಕಾದಾಗ ಏರಗೊಡುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಅದನ್ನು ಮುಟ್ಟಬಾರದು.

ಏಳು ಗಜ · ಬೆಳಿಗ್ಗೆ 9:47

ಇಲ್ಲಿಯವರೆಗೆ ಹೊಟ್ಟೆ, ಎದೆ, ರಮ್ಮು ಎಲ್ಲ ಬಂತು. ಗೋಲ್‌ಕೀಪಿಂಗ್ ಬರಲೇ ಇಲ್ಲ. ನಾನು ಕ್ಲಬ್ ಮಟ್ಟದಲ್ಲಿ ಬಹಳ ವರ್ಷ ಕಾದವನು, ಈಗ ಶಾಲಾ ಮಕ್ಕಳಿಗೆ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿ.

ಎಡಗಾಲಿನ ಪ್ಯಾಡ್ ತಮ್ಮ ಪ್ರಶ್ನೆಯಲ್ಲೇ ಉತ್ತರ ಬರೆದಿದ್ದಾರೆ: ಒಂದು ಚೆಂಡು ಪ್ಯಾಡಿಗೆ ಬಡಿದರೆ ಎಲ್ಲವೂ ಸರಿ. ಹಾಗಾದರೆ ಆ ಚೆಂಡನ್ನು ಎದುರಾಳಿ ಕೊಡಲಿ ಎಂದು ಏಕೆ ಕಾಯುತ್ತೀರಿ? ಪಂದ್ಯಕ್ಕೆ ಮೊದಲೇ ತೆಗೆದುಕೊಳ್ಳಿ. ನಮ್ಮ ಕುಟುಂಬ ತಂಡಗಳ ಅಭ್ಯಾಸವನ್ನು ನೋಡಿದ್ದೇನೆ. ಹನ್ನೊಂದು ಜನ ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ಡಿ ಅಂಚಿನಲ್ಲಿ ಸಾಲಾಗಿ ನಿಂತು ಕೀಪರ್ ಕಡೆಗೆ ಬೀಸಿ ಹೊಡೆಯುತ್ತಾರೆ. ಅವನು ಇನ್ನೂ ಕೈಗವಸು ಸರಿಮಾಡಿಕೊಳ್ಳುತ್ತಿರುತ್ತಾನೆ. ಹತ್ತರಲ್ಲಿ ಏಳು ಒಳಗೆ ಹೋಗುತ್ತವೆ, ಹೊಡೆದವರು ಕೇಕೆ ಹಾಕುತ್ತಾರೆ. ಇದು ಹೊಡೆಯುವವರ ಅಭ್ಯಾಸ, ಕೀಪರ್‌ಗೆ ಇದರಿಂದ ಆಗುವುದು ನಷ್ಟ ಮಾತ್ರ. ಪಂದ್ಯಕ್ಕೆ ಹತ್ತು ನಿಮಿಷ ಇರುವಾಗ ಏಳು ಗೋಲ್ ತಿಂದವನು ಯಾವ ಧೈರ್ಯದಿಂದ ನಿಲ್ಲಬೇಕು?

ಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆಯಿರಿ. ಐದು ಮೀಟರ್ ದೂರದಿಂದ ಕೈಯಲ್ಲೇ ಚೆಂಡು ಉರುಳಿಸಲಿ, ಸ್ಟಿಕ್ ಬೇಡ. ಬಲಗಾಲು, ಎಡಗಾಲು, ಪಾದದ ಒಳಭಾಗದಿಂದ ಪಕ್ಕಕ್ಕೆ ತಳ್ಳಿ. ನೇರ ಮುಂದಕ್ಕಲ್ಲ, ಪಕ್ಕಕ್ಕೆ. ಚೆಂಡು ಪಾದದ ಕವಚಕ್ಕೆ, ಅಂದರೆ ಕಿಕ್ಕರ್‌ಗೆ ತಾಗುವ ಸದ್ದು ಕಿವಿಗೆ ಬೀಳಬೇಕು. ಆಮೇಲೆ ಸ್ವಲ್ಪ ವೇಗ, ಆಮೇಲೆ ಕೈಗವಸಿನ ಎತ್ತರಕ್ಕೆ ಎಸೆತ, ಕೊನೆಗೆ ಎರಡು ಮೂರು ಹದವಾದ ಹೊಡೆತ. ಕೊನೆಯದನ್ನು ತಡೆದ ಮೇಲೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಹೊಡೆಯುತ್ತೇನೆ ಎಂದು ಯಾರಾದರೂ ಬಂದರೆ ಬೆನ್ನು ತಿರುಗಿಸಿ ನಡೆಯಿರಿ.

ಬಕಲ್ ವಿಷಯ. ಬೆರಳು ತಣ್ಣಗಾಗುವ ಮೊದಲೇ ಪ್ಯಾಡ್ ಕಟ್ಟಿ. ಹಿಂದಿನ ಪಂದ್ಯ ಅರ್ಧವಾದಾಗಲೇ ಶುರು ಮಾಡಿ. ಮೊದಲು ಒಳಗಿನ ಗಾರ್ಡ್, ಚಡ್ಡಿ, ಆಮೇಲೆ ಕಾಲಿನ ಪ್ಯಾಡ್ ಮತ್ತು ಕಿಕ್ಕರ್, ಆಮೇಲೆ ಎದೆಯದು, ಕತ್ತಿನದು. ಬಕಲ್‌ಗಳು ಕಾಲಿನ ಹೊರಬದಿಗೇ ಬರಬೇಕು. ಒಳಬದಿಗೆ ಬಂದರೆ ಓಡುವಾಗ ಒಂದಕ್ಕೊಂದು ಸಿಕ್ಕಿ ಮುಗ್ಗರಿಸುತ್ತೀರಿ. ಹೆಲ್ಮೆಟ್ ಮತ್ತು ಕೈಗವಸು ಕೊನೆಗೆ. ಪ್ರತಿ ಸಲ ಇದೇ ಕ್ರಮ. ಕೈಗೆ ಕೆಲಸವಿದ್ದಷ್ಟು ಹೊತ್ತು ತಲೆ ಅಲೆಯುವುದು ಕಡಿಮೆ.

ಆಮೇಲೆ ಗೋಲಿನೊಳಗೆ ಹೋಗಿ ಎರಡೂ ಕಂಬಗಳನ್ನು ಸ್ಟಿಕ್ಕಿನಿಂದ ತಟ್ಟಿ. 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಹೆದರಿಕೆ ಇದ್ದಾಗ ಇದು ಬಸ್ ನಿಲ್ದಾಣದಷ್ಟು ಅಗಲ ಕಾಣುತ್ತದೆ. ಪೆನಾಲ್ಟಿ ಸ್ಟ್ರೋಕ್ ಚುಕ್ಕೆಯವರೆಗೆ ನಡೆದು ಹೋಗಿ, ತಿರುಗಿ ನೋಡಿ. ಅಲ್ಲಿ ನಿಂತು ನೋಡಿದರೆ, ನಡುವೆ ಪ್ಯಾಡ್ ಕಟ್ಟಿದವನೊಬ್ಬ ಇದ್ದರೆ ಉಳಿಯುವ ಜಾಗ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಹೊಡೆಯುವವನಿಗೂ ಅದೇ ಕಾಣುತ್ತಿರುತ್ತದೆ. ಅವನ ಹೊಟ್ಟೆಯೂ ಕಲಸುತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯ ಬಾಯಿ. ಸೀಟಿ ಊದಿದ ಕ್ಷಣದಿಂದ ಕೂಗಿ. ಬಲಕ್ಕೆ ಸರಿ, ಹಿಂದೆ ನೋಡು, ಏಳನೆಯವನನ್ನು ಹಿಡಿ, ಏನಾದರೂ. ಇಡೀ ಮೈದಾನ ನಿಮ್ಮ ಮುಂದೆ ಇದೆ, ಇನ್ನಾರಿಗೂ ಹಾಗೆ ಕಾಣುವುದಿಲ್ಲ. ಕೂಗಬೇಕಾದರೆ ಉಸಿರು ಹೊರಬಿಡಲೇಬೇಕು, ಡಾಕ್ಟರು ಹೇಳಿದ್ದು ತಾನಾಗಿ ಆಗುತ್ತದೆ. ಸುಮ್ಮನೆ ನಿಂತ ಕೀಪರ್ ತನ್ನ ಬಗ್ಗೆಯೇ ಯೋಚಿಸುತ್ತಾನೆ.

ಕಾಫಿತೋಟ · ಬೆಳಿಗ್ಗೆ 10:05

ಡಿಫೆಂಡರ್ ಆಗಿ ಒಂದು ಮನವಿ. ನಮ್ಮ ಕೀಪರ್ ಕೂಗುತ್ತಾನೆ, ಆದರೆ ಕೂಗುವುದೆಲ್ಲ ಬೈಗುಳ. ಅದರಿಂದ ಅವನ ಎದೆ ಹಗುರವಾಗಬಹುದು, ನನ್ನದು ಭಾರವಾಗುತ್ತದೆ.

ಮೈಸೂರು ಟರ್ಫ್ · ಬೆಳಿಗ್ಗೆ 10:30

ಏಳು ಗಜ ಹೇಳಿದ್ದಕ್ಕೆ ಒಂದು ಸೇರ್ಪಡೆ. ಹವ್ಯಾಸಿಗಳಿಗೆ ಎಲ್ಲಕ್ಕಿಂತ ಭಯ ಪೆನಾಲ್ಟಿ ಕಾರ್ನರ್. ಐದೇ ಜನ ಗೆರೆಯ ಹಿಂದೆ, ಎದುರಿಗೆ ಇಡೀ ದಂಡು. ನಿಯಮವನ್ನು ನೆನಪಿಸಿಕೊಳ್ಳಿ: ಕಾರ್ನರ್‌ನಲ್ಲಿ ಗೋಲಿನತ್ತ ಬರುವ ಮೊದಲ ಪ್ರಯತ್ನ ಬೀಸು ಹೊಡೆತವಾದರೆ, ಚೆಂಡು ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿರಬಾರದು. ಅಂದರೆ ಹಿಂದಿನ ಹಲಗೆಯ ಎತ್ತರ, ನಿಮ್ಮ ಮಂಡಿಯ ಆಸುಪಾಸು. ಅದಕ್ಕಿಂತ ಮೇಲೆ ಹೋದರೆ ಗೋಲ್ ಇಲ್ಲ. ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಇಲ್ಲ, ಆದರೆ ನಿಜವಾದ ಡ್ರ್ಯಾಗ್ ಫ್ಲಿಕ್ ಬಲ್ಲವರು ಕುಟುಂಬ ತಂಡಗಳಲ್ಲಿ ಎಷ್ಟು ಜನ? ಹೆಚ್ಚಿನವರು ಬೀಸಿಯೇ ಹೊಡೆಯುತ್ತಾರೆ. ಆದ್ದರಿಂದ ಕಾಲು ಕಾದರೆ ಸಾಕು. ತಲೆಗೆ ಬರುತ್ತದೆ ಎಂದು ಹೆದರಿ ಮೇಲೆದ್ದು ನಿಂತವರೇ ಕೆಳಗಿನಿಂದ ಗೋಲ್ ತಿನ್ನುವುದು.

ತವರಿನ ಕೀಪರ್ · ಬೆಳಿಗ್ಗೆ 10:41

ಇದು ಟರ್ಫ್ ಮಾತು. ಮಣ್ಣಿನ ಮೈದಾನದಲ್ಲಿ ಚೆಂಡಿಗೆ ನಿಮ್ಮ ನಿಯಮ ಪುಸ್ತಕ ಗೊತ್ತಿಲ್ಲ. ಮಂಡಿಗೆ ಬರುತ್ತಿದ್ದದ್ದು ಒಂದು ಕಲ್ಲು ತಾಗಿ ಗಲ್ಲಕ್ಕೆ ಬರುತ್ತದೆ.

ಮೈಸೂರು ಟರ್ಫ್ · ಬೆಳಿಗ್ಗೆ 10:44

ಗಲ್ಲಕ್ಕೆ ಬಂದರೆ ಹೆಲ್ಮೆಟ್ ಇದೆಯಲ್ಲ.

ತವರಿನ ಕೀಪರ್ · ಬೆಳಿಗ್ಗೆ 10:45

ನೀವು ಒಮ್ಮೆ ಬಂದು ನಿಲ್ಲಿ, ಆಮೇಲೆ ಮಾತಾಡೋಣ.

ಅಂಕಿಸಂಖ್ಯೆ · ಮಧ್ಯಾಹ್ನ 12:20

ಹೆದರಿದ ಕೀಪರ್ ಮಾಡುವ ಕೆಲಸದ ಬಗ್ಗೆ ಒಂದು ಅಧ್ಯಯನ ಇದೆ, ಫುಟ್‌ಬಾಲಿನದು. 2007ರಲ್ಲಿ ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿ ಒದೆತಗಳನ್ನು ನೋಡಿದರು. ನಡುವೆಯೇ ನಿಂತಿದ್ದರೆ ತಡೆಯುವ ಸಾಧ್ಯತೆ ಹೆಚ್ಚಿತ್ತು. ಆದರೆ ಕೀಪರ್‌ಗಳು ನಿಂತದ್ದು ನೂರಕ್ಕೆ ಆರು ಸಲ ಮಾತ್ರ, ಉಳಿದಂತೆ ಎಡಕ್ಕೋ ಬಲಕ್ಕೋ ಹಾರಿದರು. ಕಾರಣ ನಾಚಿಕೆ. ಹಾರಿ ಗೋಲ್ ತಿಂದರೆ ಪ್ರಯತ್ನ ಮಾಡಿದ ಎನ್ನುತ್ತಾರೆ, ನಿಂತಲ್ಲೇ ತಿಂದರೆ ಕಂಬ ಎನ್ನುತ್ತಾರೆ. ಆದ್ದರಿಂದ ಹಾಕಿ ಸ್ಟ್ರೋಕ್‌ನಲ್ಲೂ ಹಾರದೆ ನಡುವೆ ನಿಲ್ಲುವುದೇ ಲೇಸು.

ಏಳು ಗಜ · ಮಧ್ಯಾಹ್ನ 12:48

ಅಧ್ಯಯನ ಸರಿ, ತೀರ್ಮಾನ ಸರಿಯಲ್ಲ. ಹಾಕಿ ಸ್ಟ್ರೋಕ್ ಹೊಡೆಯುವುದು 6.4 ಮೀಟರ್‌ನಿಂದ, ಅದನ್ನು ತಳ್ಳುತ್ತಾರೆ ಇಲ್ಲವೇ ಫ್ಲಿಕ್ ಮಾಡುತ್ತಾರೆ, ಬೀಸಿ ಹೊಡೆಯುವಂತಿಲ್ಲ. ಚೆಂಡು ಆಡುವವರೆಗೆ ಕೀಪರ್ ಎರಡೂ ಪಾದ ಗೆರೆಯ ಮೇಲೆ ಅಲುಗದಂತೆ ಇಡಬೇಕು. ಇಲ್ಲಿ ಹೆಚ್ಚಿನವರು ಗುರಿಯಿಡುವುದು ಮೂಲೆಗೆ. ನಡುವೆ ನಿಂತು ಪ್ರಾರ್ಥಿಸಿದರೆ ಆಗದು. ನೀವು ಹೇಳಿದ ನಾಚಿಕೆಯ ಮಾತು ಮಾತ್ರ ನೂರಕ್ಕೆ ನೂರು ನಿಜ. ಹೆದರಿದ ಕೀಪರ್‌ಗೆ ಏನಾದರೂ ಮಾಡಿ ತೋರಿಸುವ ಅವಸರ. ಹೊರಗೆ ಓಡುತ್ತಾನೆ, ಬೇಗ ಮಲಗುತ್ತಾನೆ. ಮೊದಲ ಐದು ನಿಮಿಷ ನೆಲಕ್ಕೆ ಬೀಳುವುದಿಲ್ಲ ಎಂದು ಶಪಥ ಮಾಡಿಕೊಳ್ಳಿ. ನಿಂತೇ ಇರಿ.

ಹಿಮದ ಹಾಕಿ · ಮಧ್ಯಾಹ್ನ 1:15

ಟೊರೊಂಟೊದಿಂದ. ಇಲ್ಲಿ ಈಗ ಬೆಳಗಿನ ಜಾವ, ನನಗೂ ನಿದ್ದೆ ಇಲ್ಲ. ಕಾರಣವೂ ಅದೇ.

ಹುಟ್ಟಿದ್ದು ಹಾಸನದಲ್ಲಿ. ಇಲ್ಲಿಗೆ ಬಂದ ಮೇಲೆ ಮಗನ ಜೊತೆಗೆ ಸ್ಕೇಟಿಂಗ್ ಕಲಿತು, ಈಗ ನಡುವಯಸ್ಕರ ಲೀಗಿನಲ್ಲಿ ಐಸ್ ಹಾಕಿ ಗೋಲ್ ಕಾಯುತ್ತೇನೆ. ರಿಂಕ್ ಅನ್ನು ಹಗಲೆಲ್ಲ ಮಕ್ಕಳಿಗೆ ಕೊಡುತ್ತಾರೆ, ನಮ್ಮಂಥವರ ಪಂದ್ಯ ರಾತ್ರಿ ಹತ್ತೂವರೆಗೆ, ಹನ್ನೊಂದಕ್ಕೆ. ಇಡೀ ದಿನ ಕಚೇರಿಯಲ್ಲಿ ಕೂತು ಅದನ್ನೇ ಯೋಚಿಸುವುದು ಒಂದು ಶಿಕ್ಷೆ. ಪಂದ್ಯ ಮುಗಿದ ಮೇಲೆ ಬೆಳಗಿನವರೆಗೆ ನಿದ್ದೆ ಬಾರದಿರುವುದು ಇನ್ನೊಂದು. ನಮ್ಮ ಗೋಲ್ ನಿಮ್ಮದಕ್ಕಿಂತ ಚಿಕ್ಕದು, ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಹೆದರಿಕೆ ಮಾತ್ರ ಪೂರ್ಣ ಅಳತೆಯದು.

ವಾಂತಿ ಬರುತ್ತದೆ ಎಂದು ಬೇಸರ ಪಟ್ಟುಕೊಳ್ಳುವವರು ಗ್ಲೆನ್ ಹಾಲ್ ಹೆಸರು ಕೇಳಬೇಕು. ಇಲ್ಲಿನ ವೃತ್ತಿಪರ ಲೀಗಿನಲ್ಲಿ 1955ರಿಂದ 1962ರವರೆಗೆ ಬಿಡದೆ 502 ಪಂದ್ಯ ಗೋಲ್ ಕಾದವರು, ಅದೂ ಮುಖಕ್ಕೆ ಮಾಸ್ಕ್ ಇಲ್ಲದೆ. ಪಂದ್ಯಕ್ಕೆ ಮೊದಲು ವಾಂತಿ ಮಾಡಿಕೊಳ್ಳುವುದು ಅವರಿಗೆ ರೂಢಿಯೇ ಆಗಿತ್ತು. ಈ ದಾಖಲೆಯ ಹತ್ತಿರ ಯಾರೂ ಸುಳಿದಿಲ್ಲ. ಹೆದರಿಕೆ ಹೋದ ಮೇಲೆ ಆಡುತ್ತೇನೆ ಎಂದುಕೊಂಡಿದ್ದರೆ ಅವರು ಒಂದು ಪಂದ್ಯವನ್ನೂ ಆಡುತ್ತಿರಲಿಲ್ಲ.

ನನಗೆ ಕೆಲಸಕ್ಕೆ ಬಂದ ಉಪಾಯ ಬೇರೆ. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡಬೇಕಾದವರು, ಭಾಷಣ ಮಾಡಬೇಕಾದವರು ತಮಗೆ ಶಾಂತವಾಗಿರು ಎಂದು ಹೇಳಿಕೊಂಡಾಗ ಹೆಚ್ಚು ಉಪಯೋಗವಾಗಲಿಲ್ಲ. ನನಗೆ ಉತ್ಸಾಹವಾಗಿದೆ ಎಂದು ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಎದೆಬಡಿತ ಎರಡರಲ್ಲೂ ಒಂದೇ. ಹೇಗೂ ಎದೆ ಹೊಡೆದುಕೊಳ್ಳುತ್ತಿದೆ, ಅದನ್ನು ಶಾಂತಗೊಳಿಸುವ ಬದಲು ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ. ಕಾರಿನಲ್ಲಿ ಒಬ್ಬನೇ ಗಟ್ಟಿಯಾಗಿ ಕನ್ನಡದಲ್ಲೇ ಹೇಳಿಕೊಳ್ಳುತ್ತೇನೆ. ಪಕ್ಕದ ಕಾರಿನವರು ನೋಡಿದರೂ ಅರ್ಥವಾಗುವುದಿಲ್ಲ.

ಎಡಗಾಲಿನ ಪ್ಯಾಡ್ · ಮಧ್ಯಾಹ್ನ 1:40

ವಿರಾಜಪೇಟೆ ರಸ್ತೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ನನ್ನ ಅತ್ತೆಯ ಮನೆಗೆ ಸುದ್ದಿ ನನಗಿಂತ ಮೊದಲು ತಲುಪುತ್ತದೆ.

ಹಳೆಯ ಬ್ಯಾಕ್ · ಮಧ್ಯಾಹ್ನ 1:52

ಮಾಸ್ಕ್ ಇಲ್ಲದೆ ಎಂದಾಗ ಮ್ಯಾನುಯೆಲ್ ಫ್ರೆಡರಿಕ್ ನೆನಪಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತದ ಗೋಲ್‌ಕೀಪರ್. ಹುಟ್ಟಿದ್ದು ಕಣ್ಣೂರಿನಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ಧ್ಯಾನ್‌ಚಂದ್ ಪ್ರಶಸ್ತಿ ಕೊಡಲು ಸರ್ಕಾರಕ್ಕೆ 2019 ಬೇಕಾಯಿತು. 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇಂದಿನ ಕೀಪರ್‌ಗಳು ಟ್ರಂಕ್‌ನಷ್ಟು ದೊಡ್ಡ ಚೀಲದಲ್ಲಿ ಸಾಮಾನು ತಂದು ಆಮೇಲೆ ಹೆದರಿಕೆ ಎನ್ನುತ್ತಾರೆ.

ತವರಿನ ಕೀಪರ್ · ಮಧ್ಯಾಹ್ನ 2:03

ಅವರಿಗೆ ಹೆದರಿಕೆ ಇರಲಿಲ್ಲ ಎಂದು ನಿಮಗೆ ಯಾರು ಹೇಳಿದರು?

ಗ್ಯಾಲರಿಯ ಮೂಲೆ · ಮಧ್ಯಾಹ್ನ 2:10

ಗೋಲ್‌ಕೀಪರ್ ಧೈರ್ಯ ಎಂದರೆ ನಮ್ಮವರೇ. ಕೊಡಗಿನ ಎ.ಬಿ. ಸುಬ್ಬಯ್ಯ ತೊಂಬತ್ತರ ದಶಕದಲ್ಲಿ ಭಾರತದ ಗೋಲ್ ಕಾದರು. ಬೆಂಗಳೂರಿನ ಆಶಿಶ್ ಬಲ್ಲಾಳ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್ ಶೂಟೌಟ್‌ನಲ್ಲಿ ಕೊರಿಯಾದವರನ್ನು ತಡೆದು ಚಿನ್ನ ತಂದರು. ಅವರೆಲ್ಲ ವಾಂತಿ ಮಾಡಿಕೊಂಡಿದ್ದರೇ?

ಮೈಸೂರು ಟರ್ಫ್ · ಮಧ್ಯಾಹ್ನ 2:16

ಅದು ಶೂಟೌಟ್ ಅಲ್ಲ. ಆಗ ಟೈಬ್ರೇಕರ್ ಎಂದರೆ ಪೆನಾಲ್ಟಿ ಸ್ಟ್ರೋಕ್. 23 ಮೀಟರ್ ಗೆರೆಯಿಂದ ಎಂಟು ಸೆಕೆಂಡಿನಲ್ಲಿ ಓಡಿಬಂದು ಹೊಡೆಯುವ ಈಗಿನ ಶೂಟೌಟ್ ಬಂದದ್ದು ಎಷ್ಟೋ ವರ್ಷಗಳ ನಂತರ.

ಗ್ಯಾಲರಿಯ ಮೂಲೆ · ಮಧ್ಯಾಹ್ನ 2:18

ಚಿನ್ನ ಬಂತೋ ಇಲ್ಲವೋ?

ಮೈಸೂರು ಟರ್ಫ್ · ಮಧ್ಯಾಹ್ನ 2:19

ಬಂತು, 32 ವರ್ಷಗಳ ನಂತರ. ಅದಕ್ಕೇ ಸರಿಯಾಗಿ ಹೇಳಬೇಕು.

ಏಳು ಗಜ · ಮಧ್ಯಾಹ್ನ 2:40

ಸ್ಟ್ರೋಕ್‌ಗೂ ಶೂಟೌಟ್‌ಗೂ ವ್ಯತ್ಯಾಸ ಸಣ್ಣದಲ್ಲ, ಈ ಚರ್ಚೆಗೆ ಅದು ಬೇಕೇ ಬೇಕು. ಸ್ಟ್ರೋಕ್‌ನಲ್ಲಿ ಕೀಪರ್ ಗೆರೆಗೆ ಕಟ್ಟಿಹಾಕಿದವನು. ಶೂಟೌಟ್‌ನಲ್ಲಿ ಅವನು ಮುನ್ನುಗ್ಗಬಹುದು. ಎಂಟು ಸೆಕೆಂಡು ಎದುರಾಳಿಯ ಮೇಲಿನ ಒತ್ತಡ, ನಿಮ್ಮ ಮೇಲಿನದಲ್ಲ. ಹೊತ್ತು ಕಳೆದಷ್ಟೂ ನಿಮಗೆ ಲಾಭ. ಪ್ಯಾರಿಸ್‌ನಲ್ಲಿ 2024ರ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್ ನೋಡಿದ್ದೀರಲ್ಲ, ಭಾರತದ ರೋಹಿದಾಸ್‌ಗೆ ಕೆಂಪು ಕಾರ್ಡ್ ಆಗಿ ಹತ್ತೇ ಜನ ಉಳಿದು, ಬ್ರಿಟನ್ ವಿರುದ್ಧ ಶೂಟೌಟ್‌ಗೆ ಹೋದ ಪಂದ್ಯ. ನಮ್ಮ ಕೀಪರ್ ಶ್ರೀಜೇಶ್ ಅವಸರದಿಂದ ನೆಲಕ್ಕೆ ಬೀಳುತ್ತಿರಲಿಲ್ಲ. ಎದುರಿನವನು ಮೊದಲು ನಿರ್ಧರಿಸಲಿ ಎಂದು ಕಾಯುತ್ತಿದ್ದರು. 4–2ರಿಂದ ಗೆದ್ದೆವು.

ಕಾಫಿತೋಟ · ಮಧ್ಯಾಹ್ನ 3:05

ಶ್ರೀಜೇಶ್ ಪ್ಯಾಡಿಗಾಗಿ ಅವರ ತಂದೆ ಹಸು ಮಾರಿದರು. ನಮ್ಮ ಮನೆಯಲ್ಲಿ ಪ್ಯಾಡಿನ ಹರಿದ ಪಟ್ಟಿಗೆ ನೂರು ರೂಪಾಯಿ ಕೇಳಿದರೆ ಸಭೆ ಕರೆಯಬೇಕು.

ಎಡಗಾಲಿನ ಪ್ಯಾಡ್ · ಮಧ್ಯಾಹ್ನ 3:30

ಎಲ್ಲರಿಗೂ ಧನ್ಯವಾದ. ಉಸಿರು, ಉರುಳು ಚೆಂಡು, ಬೇಗ ಪ್ಯಾಡ್ ಕಟ್ಟುವುದು, ಇವನ್ನು ಬರೆದಿಟ್ಟುಕೊಂಡೆ. ಒಂದೇ ಸಂದೇಹ. ಕ್ರಮ, ಕ್ರಮ ಎಂದು ಏಳು ಗಜ ಹೇಳುತ್ತಾರೆ. ಅದು ಮೂಢನಂಬಿಕೆಯಾಗಿ ತಿರುಗುವುದಿಲ್ಲವೇ? ಬಲಗಾಲಿನ ಪ್ಯಾಡ್ ಮೊದಲು ಕಟ್ಟಿದ ದಿನ ಸೋತೆವು ಎಂದು ನಾನು ಈಗಲೇ ಎಡಗಾಲಿನಿಂದ ಶುರು ಮಾಡುತ್ತೇನೆ. ಹೆಸರು ನೋಡಿದರೆ ಗೊತ್ತಾಗುತ್ತದೆ.

ಏಳು ಗಜ · ಮಧ್ಯಾಹ್ನ 3:48

ತಿರುಗುತ್ತದೆ. ಪರೀಕ್ಷೆ ಸುಲಭ: ಕ್ರಮ ತಪ್ಪಿದರೆ ಏನಾಗುತ್ತದೆ? ತಂಡದ ಜೀಪು ತಡವಾಗಿ ಬಂದು ಓಡೋಡಿ ಪ್ಯಾಡ್ ಕಟ್ಟಬೇಕಾದ ದಿನವೂ ನಿಲ್ಲಬಲ್ಲಿರಾದರೆ ಅದು ಅಭ್ಯಾಸ. ಅಯ್ಯೋ ಬಲಗಾಲು ಮೊದಲಾಯಿತು ಎಂದು ಬಿಚ್ಚಿ ಮತ್ತೆ ಕಟ್ಟಿದಿರಾದರೆ ಅದು ಹರಕೆ. ಅಭ್ಯಾಸ ಪಂದ್ಯದಲ್ಲಿ ಬೇಕೆಂದೇ ಒಮ್ಮೆ ಕ್ರಮ ಬದಲಿಸಿ ನೋಡಿ.

ಹಿಮದ ಹಾಕಿ · ಸಂಜೆ 5:10

ಒಪ್ಪುವುದಿಲ್ಲ. ಹರಕೆಯಾದರೂ ಇರಲಿ ಬಿಡಿ, ಯಾರಿಗೆ ನಷ್ಟ? ನಾನು ಕಂಬಗಳನ್ನು ತಟ್ಟದೆ ನಿಲ್ಲುವುದೇ ಇಲ್ಲ.

ಏಳು ಗಜ · ಸಂಜೆ 5:14

ಯಾರಾದರೂ ಕಂಬ ತಟ್ಟುವ ಮೊದಲೇ ಸೀಟಿ ಊದಿದ ದಿನ ಹೇಳಿ, ಯಾರಿಗೆ ನಷ್ಟ ಎಂದು.

ತವರಿನ ಕೀಪರ್ · ಸಂಜೆ 6:22

ಇಷ್ಟೆಲ್ಲ ಉಪಾಯ ಸರಿ. ಯಾರೂ ಹೇಳದ ಇನ್ನೊಂದು ನನ್ನ ಕಡೆಯಿಂದ. ಉಸಿರು, ಕ್ರಮ, ಕೂಗು ಎಲ್ಲವೂ ಮೈದಾನದ ಒಳಗಿನ ಹೆದರಿಕೆಗೆ. ಜಗಲಿಯ ಹೆದರಿಕೆಗೆ ಮದ್ದು ಜಗಲಿಯಲ್ಲೇ ಆಗಬೇಕು. ನಾನು ಒಮ್ಮೆ ನಮ್ಮ ತಂಡದ ನಾಯಕನಿಗೆ ಸ್ಪಷ್ಟವಾಗಿ ಹೇಳಿದೆ: ಪಂದ್ಯದ ಬೆಳಿಗ್ಗೆ ಯಾರೂ ನನಗೆ ಉಪದೇಶ ಮಾಡಬಾರದು. ಕಳೆದ ಸಲ ಹಾಗಾಯಿತು, ಈ ಸಲ ನೋಡಿಕೋ ಎಂಬ ಮಾತು ನನ್ನ ಕಿವಿಗೆ ಬೀಳಬಾರದು. ಬಿದ್ದರೆ ಪ್ಯಾಡ್ ಆ ಮಾತಾಡಿದವರ ಕಾಲಿಗೆ. ಅವನು ನಕ್ಕ, ಆದರೆ ಎಲ್ಲರಿಗೂ ಹೇಳಿದ. ಒಬ್ಬರು ಮಾತ್ರ ಮರೆತು ಬಾಯಿ ತೆರೆದರು. ನಾನು ಹೆಲ್ಮೆಟ್ ಅವರ ಮುಂದೆ ಹಿಡಿದೆ. ಅಂದಿನಿಂದ ಆಟದ ದಿನ ಅವರು ನನ್ನೊಡನೆ ಮಳೆ, ಮೆಣಸಿನ ದರ ಮಾತ್ರ ಮಾತಾಡುತ್ತಾರೆ.

ಹೆದರಿಕೆ ಹೋಗಿಲ್ಲ. ಅರ್ಧ ಕಡಿಮೆಯಾಗಿದೆ.

ಎಡಗಾಲಿನ ಪ್ಯಾಡ್ · ಸಂಜೆ 6:35

ದೊಡ್ಡಪ್ಪನ ಮುಂದೆ ಹೆಲ್ಮೆಟ್ ಹಿಡಿಯುವುದಕ್ಕಿಂತ ಡ್ರ್ಯಾಗ್ ಫ್ಲಿಕ್‌ಗೆ ಎದೆ ಕೊಡುವುದು ಸುಲಭ.

ನಾಡಿಬಡಿತ · ಸಂಜೆ 7:00

ತವರಿನ ಕೀಪರ್ ಹೇಳಿದ್ದು ನನ್ನ ಚೀಟಿಗಿಂತ ಒಳ್ಳೆಯ ಚೀಟಿ. ಒಂದನ್ನು ಸೇರಿಸುತ್ತೇನೆ. ವಾಂತಿ, ನಿದ್ದೆಗೇಡು ಪಂದ್ಯದ ದಿನಕ್ಕಷ್ಟೇ ಸೀಮಿತವಾಗಿರದೆ ವಾರಗಟ್ಟಲೆ ಕಾಡಿದರೆ, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಇದ್ದರೆ, ಇಲ್ಲಿ ಕೇಳುತ್ತ ಕೂರದೆ ವೈದ್ಯರನ್ನು ಕಾಣಿ. ವರ್ಷಪೂರ್ತಿ ಕುರ್ಚಿಯಲ್ಲಿ ಕೂತು ಏಪ್ರಿಲ್‌ನಲ್ಲಿ ಒಮ್ಮೆಲೇ ಮೈದಾನಕ್ಕಿಳಿಯುವ ನಡುವಯಸ್ಸಿನವರು ಮೊದಲೇ ಒಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುವುದು ಒಳ್ಳೆಯದು.

ರಮ್ಮಿನ ರಾಜ · ಸಂಜೆ 7:12

ಪಂದ್ಯದ ನಂತರ ಪಂದಿಕರಿಗೆ ಅನುಮತಿ ಇದೆಯೇ?

ನಾಡಿಬಡಿತ · ಸಂಜೆ 7:15

ಕಡಂಬುಟ್ಟಿನ ಜೊತೆಗೆ, ವಿಳಾಸ ಕಳಿಸಿ.

ಕಾಫಿತೋಟ · ರಾತ್ರಿ 8:40

ವಿಷಯ ಬೇರೆ, ಆದರೆ ಕೀಪರ್‌ಗಳೇ ಇರುವುದರಿಂದ ಕೇಳುತ್ತೇನೆ. ನಮ್ಮ ಒಕ್ಕದ ಪ್ಯಾಡಿನ ಮೂರನೆಯ ಪಟ್ಟಿ ಬುಡದಲ್ಲೇ ಕಿತ್ತು ಬಂದಿದೆ. ಹೊಸದು ಕೊಳ್ಳುವಷ್ಟು ಹಣ ಕೂಡಿಲ್ಲ. ಮಡಿಕೇರಿಯಲ್ಲಿ ಹೊಲಿಯುವವರು ಯಾರಾದರೂ ಇದ್ದಾರೆಯೇ?

ಏಳು ಗಜ · ರಾತ್ರಿ 8:51

ಚಪ್ಪಲಿ ಹೊಲಿಯುವವರ ಬಳಿ ಕೊಡಿ. ನೈಲಾನ್ ದಾರ ಎಂದು ಹೇಳಿ, ಇಲ್ಲದಿದ್ದರೆ ಹತ್ತಿ ದಾರ ಹಾಕುತ್ತಾರೆ, ಬೆವರಿಗೆ ಕೊಳೆಯುತ್ತದೆ. ಫೋಮ್‌ಗೆ ಸೂಜಿ ಚುಚ್ಚಿಸಬೇಡಿ, ಹೊರಗಿನ ಬಟ್ಟೆಗೆ ಮಾತ್ರ.

ಹಳೆಯ ಬ್ಯಾಕ್ · ರಾತ್ರಿ 8:58

ಕೊಡುವ ಮೊದಲು ಎರಡು ದಿನ ಬಿಸಿಲಿಗೆ ಹಾಕಿ. ಪಾಪ, ಹೊಲಿಯುವವರಿಗೂ ಮೂಗು ಇರುತ್ತದೆ.